ಉಗ್ರಾಣದ ಒಳಕೋಣೆ

ಕಚೇರಿಯಲ್ಲಿ ಇರುವೆ ಎಂದು ಕರೆಯುವ ಹುಡುಗಿಯ ಕಂಪ್ಯೂಟರ್ ಪರದೆಯ ಮೇಲಿನ ಆ ಒಂದು ಸಾಲನ್ನು ನೋಡದೇ ಹೋಗಿದ್ದರೆ ಬಣ್ಣದಣ್ಣನ ಅನ್ನ ನೀರು ಆ ವಾರ ಸರಿಯಾಗಿಯೇ ಇಳಿಯುತ್ತಿತ್ತು. ಅವನೇನೂ ಕದ್ದು ನೋಡಲು ಹೋದವನಲ್ಲ. ಸ್ಟೇಪ್ಲರ್ ಕೇಳಲು ಹೋಗಿದ್ದ. ಅವಳು ಕುರ್ಚಿಯಲ್ಲಿ ಇರಲಿಲ್ಲ, ಪರದೆ ತೆರೆದಿತ್ತು. ಪ್ರೋಗ್ರಾಮಿನ ನಡುವೆ, ಮೇಲಿನಿಂದ ಹನ್ನೆರಡನೆಯ ಸಾಲಿನಲ್ಲಿ, ಅವಳು ಉಗ್ರಾಣದ ಒಳಬಾಗಿಲನ್ನು ಹೆಸರು ಹಿಡಿದು ಕರೆದಿದ್ದಳು.

ಸ್ಟೇಪ್ಲರ್ ತೆಗೆದುಕೊಳ್ಳದೆಯೇ ಹಿಂತಿರುಗಿದ.

ಅದು ಕಸೂತಿ ಯಂತ್ರಗಳಿಗೆ ಮಿದುಳು ಮಾಡಿಕೊಡುವ ಕಂಪನಿ. ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು ಗುಂಡಿ ಒತ್ತಿದರೆ ಹನ್ನೆರಡು ಸೂಜಿಗಳ ಯಂತ್ರ ತಾನೇ ಚಿತ್ರ ಹೊಲಿಯುತ್ತದೆ. ಯಾವ ಸೂಜಿ ಯಾವಾಗ ಎಲ್ಲಿ ಇಳಿಯಬೇಕೆಂದು ಹೇಳುವುದು ಅಂಗೈಯಗಲದ ಒಂದು ಎಲೆಕ್ಟ್ರಾನಿಕ್ ಹಲಗೆ. ಆ ಹಲಗೆಯೊಳಗಿನ ಪ್ರೋಗ್ರಾಮನ್ನು ಐದಾರು ಜನ ಹಂಚಿಕೊಂಡು ಬರೆದಿದ್ದರು. ದಾರದ ಬಣ್ಣ ಬದಲಿಸುವ ಭಾಗ ಇವನದು. ಅದಕ್ಕೇ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಇವನು ಬಣ್ಣದಣ್ಣ. ಚಿತ್ರದ ಕಡತ ಓದುವ ಭಾಗ ಇರುವೆಯದು. ಕುಳ್ಳಗೆ, ಚುರುಕಾಗಿ ಇದ್ದಳು. ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿಕೊಳ್ಳುತ್ತಿದ್ದಳು. ಹೆಸರು ತಾನಾಗಿ ಬಂತು. ಇವರೆಲ್ಲರ ಕೆಳಗೆ, ಮನೆಗೆ ಪಾಯ ಇದ್ದ ಹಾಗೆ, ಮೇಷ್ಟ್ರು ಬರೆದ ಲೈಬ್ರರಿ ಇತ್ತು. ಎಲ್ಲರ ಪ್ರೋಗ್ರಾಮೂ ಎತ್ತಿ ಬಳಸುವ ಸಿದ್ಧ ಕೆಲಸಗಳ ಗಂಟು ಅದು. ಮೇಷ್ಟ್ರು ಹಿಂದೆಂದೋ ಗಣಿತ ಪಾಠ ಹೇಳುತ್ತಿದ್ದವರು. ಮಾತು ಕಡಿಮೆ.

ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವವರಿಗೆ ಜಾಗದ ಚಿಂತೆ ತಪ್ಪಿದ್ದಲ್ಲ. ಮೆಮೊರಿ ಬೇಕಾದಾಗ ಕೇಳಿ ಪಡೆಯಬೇಕು, ಕೆಲಸ ಮುಗಿದ ಮೇಲೆ ವಾಪಸ್ ಕೊಡಬೇಕು. ಕೇಳಲು ಮಾಲೋಕ್, ಕೊಡಲು ಫ್ರೀ. ಅದು ಊರಿಗೆಲ್ಲ ಇರುವ ರಾಜಮಾರ್ಗ. ಮೇಷ್ಟ್ರ ಲೈಬ್ರರಿ ಮಾತ್ರ ಆ ದಾರಿಯಲ್ಲಿ ನಡೆಯುತ್ತಿರಲಿಲ್ಲ. ಪುಟ್ಟ ಹಲಗೆಯ ಪುಟ್ಟ ಮೆಮೊರಿಯನ್ನು ಬೆಳಿಗ್ಗೆಯೇ ಒಟ್ಟಾಗಿ ಹಿಡಿದಿಟ್ಟುಕೊಂಡು, ತಾನೇ ಅಳೆದು ಅಳೆದು ಎಲ್ಲರಿಗೂ ಹಂಚುತ್ತಿತ್ತು. ಅದಕ್ಕೆ ಕಚೇರಿಯವರು ಇಟ್ಟ ಹೆಸರು ಉಗ್ರಾಣ. ಉಗ್ರಾಣದಿಂದ ಜಾಗ ಕೇಳಲು ಒಂದು ಕರೆ, ಹಿಂತಿರುಗಿಸಲು ಇನ್ನೊಂದು. ಈ ಎರಡು ಕಿಂಡಿಗಳು ಮಾತ್ರ ಎಲ್ಲರಿಗೂ ಕಾಣುವ ಪಟ್ಟಿಯಲ್ಲಿದ್ದವು. ಒಳಗೆ ಏನಿದೆ, ಯಾರ ಹೆಸರಿನಲ್ಲಿ ಎಷ್ಟಿದೆ ಎಂದು ನೋಡುವ ಬಾಗಿಲು ಇದೆಯೆಂದು ಬಣ್ಣದಣ್ಣ ಕೇಳಿ ಬಲ್ಲ, ಕಂಡಿರಲಿಲ್ಲ. ಹನ್ನೊಂದು ವರ್ಷ ಮೇಷ್ಟ್ರ ಪಕ್ಕದ ಮೇಜಿನಲ್ಲಿ ಕೂತವನಿಗೆ ಸಿಗದ ಬಾಗಿಲು, ಬಂದು ಹದಿನಾಲ್ಕು ತಿಂಗಳಾದ ಹುಡುಗಿಯ ಹನ್ನೆರಡನೆಯ ಸಾಲಿನಲ್ಲಿ ಹಾಯಾಗಿ ತೆರೆದುಕೊಂಡು ಕೂತಿತ್ತು.

ಹಾಗೆ ನೋಡಿದರೆ ಆ ಹನ್ನೊಂದು ವರ್ಷಗಳ ಆರಂಭದಲ್ಲೇ ಒಂದು ಕಹಿ ಇತ್ತು. ಸೇರಿದ ಮೂರನೇ ತಿಂಗಳಲ್ಲಿ ಅವನು ಉಗ್ರಾಣದಿಂದ ಪಡೆದ ಜಾಗವನ್ನು ಅಭ್ಯಾಸಬಲದಿಂದ ಫ್ರೀ ಎಂದು ಬರೆದು ರಾಜಮಾರ್ಗದಲ್ಲಿ ಬಿಟ್ಟಿದ್ದ. ಒಬ್ಬರ ಮನೆಯಲ್ಲಿ ಪಡೆದ ಕಡವನ್ನು ಇನ್ನೊಬ್ಬರ ಬಾಗಿಲಲ್ಲಿ ತೀರಿಸಿದ ಹಾಗೆ. ಯಂತ್ರಕ್ಕೆ ತಲೆ ಕೆಟ್ಟಿತು; ಯಜಮಾನರ ಕಣ್ಣೆದುರೇ ಸೂಜಿ ಬಟ್ಟೆ ಬಿಟ್ಟು ಚೌಕಟ್ಟಿಗೆ ಇಳಿದು ಮುರಿಯಿತು. ಮೇಷ್ಟ್ರು ಬೈಯಲಿಲ್ಲ. ಮುರಿದ ಸೂಜಿಯನ್ನು ಕಾಗದದಲ್ಲಿ ಸುತ್ತಿ ಬುಟ್ಟಿಗೆ ಹಾಕಿ, ಇಷ್ಟೇ ಹೇಳಿದ್ದರು:

"ನೀನು ವಾಪಸ್ ಕೊಡೋಕೆ ಹೋಗಬೇಡ. ಅಲ್ಲೇ ಬಿಡು. ನಾನು ನೋಡ್ಕೋತೀನಿ."

ಅವನು ಅದನ್ನು ಲೈಬ್ರರಿಯ ನಿಯಮವೆಂದು ತಿಳಿದ. ಅಂದಿನಿಂದ ಕೇಳಿ ಪಡೆಯುವುದಷ್ಟೇ, ಕೊಡುವ ಗೊಡವೆಯೇ ಇಲ್ಲ. ಮಿಕ್ಕವರು ಸಾಲು ಸಾಲಾಗಿ ಹಿಂತಿರುಗಿಸುವ ಕರೆ ಬರೆದದ್ದು ಕಂಡಾಗ ನಗುತ್ತಿದ್ದ. ಹೋಟೆಲಿನಲ್ಲಿ ತಿಂದು ತಟ್ಟೆ ತೊಳೆದಿಟ್ಟು ಬರೋ ಜನ ಇವರು ಅಂತ ಊಟದ ಹೊತ್ತಿನಲ್ಲಿ ಆಡಿಕೊಳ್ಳುತ್ತಿದ್ದ. ಅವರೂ ನಗುತ್ತಿದ್ದರು. ಮೇಷ್ಟ್ರು ಮಾತ್ರ ಡಬ್ಬಿಯ ಮುಚ್ಚಳ ಹಾಕಿ ಎದ್ದುಬಿಡುತ್ತಿದ್ದರು.

ಈಗ ಮೇಷ್ಟ್ರು ತಿಂಗಳ ಕೊನೆಗೆ ಕೆಲಸ ಬಿಡುವವರಿದ್ದರು. ಲೈಬ್ರರಿಯ ಉಸ್ತುವಾರಿ ಯಾರಿಗೆ ಎಂಬುದನ್ನು ಯಜಮಾನರು ಅವರಿಗೇ ಬಿಟ್ಟಿದ್ದರು. ಉಸ್ತುವಾರಿಯ ಜೊತೆಗೆ ಕಿಟಕಿ ಪಕ್ಕದ ಮೂಲೆ, ಎರಡು ಪರದೆಯ ಮೇಜು, ಎಲ್ಲಕ್ಕಿಂತ ಮಿಗಿಲಾಗಿ, ಎಲ್ಲರೂ ಬಂದು ಕೇಳುವ ಜಾಗ. ಬಣ್ಣದಣ್ಣ ಮನಸ್ಸಿನಲ್ಲೇ ಆ ಮೇಜಿನ ಮೇಲೆ ತನ್ನ ಲೋಟ ಇಟ್ಟಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದವರಲ್ಲಿ ಅವನು ಮೊದಲನೆಯವನೂ ಅಲ್ಲ, ಕೊನೆಯವನೂ ಅಲ್ಲ.

ಆ ಸಾಲು ಕಂಡ ಮೇಲೆ ಅವನಿಗೆ ಎಲ್ಲವೂ ಬೇರೆಯಾಗಿ ಕಾಣತೊಡಗಿತು. ಮೇಷ್ಟ್ರ ಮೇಜಿನ ಬಳಿ ಒಂದು ಮೊಣಕಾಲೆತ್ತರದ ಸ್ಟೂಲ್ ಇತ್ತು, ಅದರ ಮೇಲೆ ಯಾವಾಗಲೂ ಹಳೇ ಪುಸ್ತಕಗಳ ರಾಶಿ. ಈಗ ಪುಸ್ತಕಗಳು ನೆಲಕ್ಕಿಳಿದಿದ್ದವು, ಸ್ಟೂಲಿನ ಮೇಲೆ ಇರುವೆ ಕೂತಿದ್ದಳು. ಯಾವತ್ತಿನಿಂದ? ತಾನೇಕೆ ಗಮನಿಸಲಿಲ್ಲ? ಇಬ್ಬರೂ ಮಾತಾಡುವುದು ಕೇಳಿಸುತ್ತಿರಲಿಲ್ಲ, ಮಾತು ಇದ್ದರೆ ತಾನೇ ಕೇಳುವುದು. ಮೇಷ್ಟ್ರು ಬೆರಳಲ್ಲಿ ಪರದೆಯ ಒಂದು ಕಡೆ ತೋರಿಸುವರು, ಅವಳು ತಲೆಯಾಡಿಸುವಳು, ಮತ್ತೆ ಐದು ನಿಮಿಷ ಇಬ್ಬರೂ ಸುಮ್ಮನೆ. ಮೇಷ್ಟ್ರ ಮೌನವನ್ನು ಹನ್ನೊಂದು ವರ್ಷ ಪಕ್ಕದಲ್ಲಿ ಕೂತು ಸಹಿಸಿಕೊಂಡವನು ತಾನು. ಆ ಮೌನದೊಳಗೆ ಇನ್ನೊಬ್ಬರಿಗೆ ಕೂರಲು ಜಾಗ ಇದೆಯೆಂದು ಅವನಿಗೆ ಗೊತ್ತಿರಲಿಲ್ಲ. ಅವನು ಎದ್ದು ಆ ಕಡೆ ಹೋದರೆ ಅವಳು ಪರದೆಯನ್ನು ಬದಲಿಸುತ್ತಿದ್ದಳು.

ಒಮ್ಮೆ ಚಹಾದ ಹೊತ್ತಿನಲ್ಲಿ ತಡೆಯಲಾರದೆ, ನಗುತ್ತಲೇ, ಅವಳನ್ನು ಕೇಳಿಯೂ ಬಿಟ್ಟ.

"ಉಗ್ರಾಣದ ಬೀಗದಕೈ ನಿನಗೆ ಯಾರಮ್ಮ ಕೊಟ್ಟಿದ್ದು?"

ಅವಳು ಚಮಚ ತಿರುಗಿಸುವುದನ್ನು ನಿಲ್ಲಿಸಿದಳು. "ಸರ್ ಕೊಟ್ರು ಅಣ್ಣ."

"ಯಾಕಂತೆ?"

"ಅವರನ್ನೇ ಕೇಳಿ." ಹೇಳಿದ ರೀತಿಯಲ್ಲಿ ಜಂಭವಿರಲಿಲ್ಲ. ಜಂಭವಿದ್ದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅವಳ ಮುಖದಲ್ಲಿ ಕಂಡದ್ದು ಕನಿಕರದಂಥದ್ದೇನೋ. ಅದನ್ನು ಅವನು ಗೆದ್ದವರ ಕನಿಕರವೆಂದು ಓದಿಕೊಂಡ.

ಮನೆಯಲ್ಲಿ ಹೆಂಡತಿಗೆ ಹೇಳಿದ. ಅವಳು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಒಣಗಿದ ಬಟ್ಟೆ ಮಡಿಸುತ್ತಿದ್ದಳು. ತನ್ನ ಅಂಗಡಿಯಲ್ಲೂ ಬೀಗ ಹಾಕಿದ ಒಂದು ಕಪಾಟಿದೆ, ಆರು ವರ್ಷದಿಂದ ಅದರ ಬೀಗದಕೈ ಮಾಲೀಕರ ಹತ್ತಿರವೇ ಇದೆ, ತಾನೇನು ಅದಕ್ಕೆ ಊಟ ಬಿಟ್ಟಿದ್ದೇನೆಯೇ ಎಂದಳು. ಇವನು ಅದೂ ಇದೂ ಒಂದೇನಾ ಎಂದದ್ದಕ್ಕೆ ಅಂಗಿಯ ತೋಳು ಕೊಡವಿ ಹೇಳಿದಳು:

"ಬೀಗದಕೈ ಕೊಡದೇ ಇರೋದು ನಂಬಿಕೆ ಇಲ್ಲ ಅಂತಲೇ ಇರಬೇಕಾ? ನಾಳೆ ಲೆಕ್ಕ ತಪ್ಪಿದ್ರೆ ನನ್ನ ತಲೆ ಮೇಲೆ ಬರಬಾರದು ಅಂತಲೂ ಇರಬಹುದಲ್ಲ. ನಿಮಗೆ ಹೊಟ್ಟೆಕಿಚ್ಚು ಅಷ್ಟೆ. ಮಜ್ಜಿಗೆ ಕುಡೀರಿ."

ಮಜ್ಜಿಗೆಗೆ ಆರುವ ಕಿಚ್ಚಾಗಿರಲಿಲ್ಲ ಅದು.

ಅಷ್ಟರಲ್ಲಿ ಅವನ ಹೊಟ್ಟೆಕಿಚ್ಚಿಗೆ ಒಂದು ಊರುಗೋಲು ಸಿಕ್ಕಿತು. ಹೊಸ ಗಿರಾಕಿಯೊಬ್ಬರು ಭಾರಿ ಹಾಸಿಗೆ ಹೊದಿಕೆಯ ಚಿತ್ರ ಕಳಿಸಿದ್ದರು. ಕೆರೆಯಂಚಿನಲ್ಲಿ ನಿಂತ ಕೊಕ್ಕರೆ; ಎರಡು ಲಕ್ಷ ಹೊಲಿಗೆ, ಆರುನೂರು ಸಲ ಬಣ್ಣ ಬದಲು. ಇಷ್ಟು ದೊಡ್ಡದನ್ನು ಈ ಯಂತ್ರ ಹಿಂದೆಂದೂ ಹೊಲಿದಿರಲಿಲ್ಲ. ಕಾಲು ಬಂತು, ರೆಕ್ಕೆ ಬಂತು, ಕತ್ತಿನ ಅರ್ಧಕ್ಕೆ ಬಂದು ಯಂತ್ರ ನಿಂತುಬಿಟ್ಟಿತು. ಮತ್ತೆ ಹೊಲಿಸಿದರೂ ಅಲ್ಲೇ. ಪರೀಕ್ಷೆಯ ಕೋಣೆಯ ಮೇಜಿನ ಮೇಲೆ ತಲೆಯಿಲ್ಲದ ಕೊಕ್ಕರೆಗಳು ಒಂದರ ಮೇಲೊಂದು ಬಿದ್ದುಕೊಂಡವು. ಮೆಮೊರಿ ಮುಗಿದಿದೆ ಎಂಬುದಷ್ಟೇ ಗೊತ್ತಾದದ್ದು, ಯಾರು ಮುಗಿಸಿದ್ದೆಂದಲ್ಲ.

ಬಣ್ಣದಣ್ಣನಿಗೆ ಮಾತ್ರ ಯಾವ ಅನುಮಾನವೂ ಇರಲಿಲ್ಲ. ಚಿತ್ರ ಓದುವವಳು ಇರುವೆ. ಉಗ್ರಾಣಕ್ಕೆ ಕೈ ಹಾಕಿದವಳು ಇರುವೆ. ಬೆಳಿಗ್ಗೆ ಯಜಮಾನರು ಬರುತ್ತಿದ್ದ ಹಾಗೆಯೇ ಅವರ ಕೋಣೆಗೆ ಹೋದ. ದೂರು ಹೇಳುತ್ತಿಲ್ಲ, ಕಂಪನಿಯ ಹಿತದೃಷ್ಟಿಯಿಂದ ಹೇಳುತ್ತಿದ್ದೇನೆ ಎಂದು ಶುರು ಮಾಡಿ, ಪಟ್ಟಿಯಲ್ಲಿಲ್ಲದ ಬಾಗಿಲಿನಿಂದ ಅವಳು ಉಗ್ರಾಣದೊಳಗೆ ಆಡುತ್ತಿದ್ದಾಳೆ, ಕೊಕ್ಕರೆ ಸಾಯುತ್ತಿರುವುದು ಅದರಿಂದಲೇ ಎಂದ. ಯಜಮಾನರು ಕನ್ನಡಕವನ್ನು ಹಣೆಗೇರಿಸಿ, ಸಂಜೆ ನಾಲ್ಕಕ್ಕೆ ಎಲ್ಲರೂ ಯಂತ್ರದ ಮುಂದೆ ಸೇರೋಣ, ನೀವು ತೋರಿಸಿ ಎಂದರು.

ತೋರಿಸಿ ಎಂದ ಮೇಲೆ ತೋರಿಸಬೇಕಲ್ಲ. ಎಲ್ಲರೂ ಊಟಕ್ಕೆ ಎದ್ದಾಗ ಅವನು ಏಳಲಿಲ್ಲ. ಬಾಗಿಲಿನ ಹೆಸರು ಅವನಿಗೆ ಹನ್ನೆರಡನೆಯ ಸಾಲಿನಿಂದ ಬಾಯಿಪಾಠವಾಗಿತ್ತು. ಪಟ್ಟಿಯಲ್ಲಿ ಇಲ್ಲದಿದ್ದರೇನು, ಹೀಗೊಂದು ಬಾಗಿಲು ಇದೆ ಎಂದು ತನ್ನ ಕಡತದ ನೆತ್ತಿಯಲ್ಲಿ ತಾನೇ ಒಂದು ಸಾಲು ಬರೆದುಕೊಂಡರೆ ಸಿ ಭಾಷೆ ನಂಬುತ್ತದೆ. ಅದು ಅಷ್ಟು ಸಾಧು. ಬರೆದ. ಯಂತ್ರದ ಭಾಷೆಗೆ ಕಂಪೈಲ್ ಮಾಡಿದ. ಒಂದು ತಕರಾರೂ ಬರಲಿಲ್ಲ. ಹನ್ನೊಂದು ವರ್ಷ ಬೀಗ ಹಾಕಿದೆ ಎಂದುಕೊಂಡಿದ್ದ ಬಾಗಿಲನ್ನು ಬೆರಳಲ್ಲಿ ತಳ್ಳಿದರೆ ಸಾಕಿತ್ತು. ಅವನಿಗೆ ಖುಷಿಯಾಗುವ ಬದಲು ಅವಮಾನವಾಯಿತು.

ಮೇಜಿನ ಮೇಲಿನ ಪರೀಕ್ಷೆಯ ಹಲಗೆಯಲ್ಲಿ ಕೊಕ್ಕರೆಯನ್ನು ಬಟ್ಟೆಯಿಲ್ಲದೆ, ಲೆಕ್ಕದಲ್ಲಿ ಮಾತ್ರ ಓಡಿಸಿ, ಕತ್ತಿನ ಬಳಿ ನಿಂತಾಗ ಉಗ್ರಾಣವನ್ನು ಇದ್ದಂತೆ ಪರದೆಗೆ ಸುರಿದುಕೊಂಡ. ಒಳಗಿನ ನಕ್ಷೆ ಅವನ ಬಳಿ ಇರಲಿಲ್ಲ. ಬರೀ ಅಂಕಿಗಳ ಕಾಡು. ಆದರೆ ಅಂಕಿಗಳ ನಡುವೆ ಅಲ್ಲಲ್ಲಿ ಅಕ್ಷರಗಳು ಕಂಡವು. ಜಾಗ ಕೇಳುವಾಗ ಪ್ರತಿಯೊಬ್ಬರೂ ತಮ್ಮ ಭಾಗದ ಹೆಸರನ್ನು ಹೇಳಬೇಕಿತ್ತು, ಆ ಹೆಸರುಗಳೇ ಅವು. ಪ್ರತಿ ಹೆಸರಿನ ಮುಂದೆ ಒಂದು ಗುರುತು: ಒಂದು ಅಂದರೆ ಇನ್ನೂ ಕೈಯಲ್ಲಿದೆ, ಸೊನ್ನೆ ಅಂದರೆ ವಾಪಸ್ ಬಂದಿದೆ. ಅದು ತಿಳಿಯಲು ಅವನಿಗೆ ಹತ್ತು ನಿಮಿಷ ಹಿಡಿಯಿತು. ಚೌಕಟ್ಟು, ಸೊನ್ನೆ. ಸೂಜಿ, ಸೊನ್ನೆ. ಚಿತ್ರ, ಸೊನ್ನೆ, ಸೊನ್ನೆ, ಸೊನ್ನೆ. ಇರುವೆ ತಿಂದ ತಟ್ಟೆಗಳೆಲ್ಲ ತೊಳೆದು ಜೋಡಿಸಿದ್ದವು. ಅವನು ಬೇಗ ಬೇಗ ಕೆಳಗೆ ಹೋದ.

ಕೊನೆಯಲ್ಲಿ, ಉಳಿದವರಿಂದ ಬೇರೆಯಾಗಿ, ಒಂದು ಗೋಡೆ ಕಟ್ಟಿದ ಹಾಗೆ ಸ್ವಲ್ಪ ಖಾಲಿ ಬಿಟ್ಟು, ಒಂದು ಒಳಕೋಣೆ ಇತ್ತು. ಅದರ ತುಂಬ ಒಂದೇ ಹೆಸರು. ಬಣ್ಣ, ಒಂದು. ಬಣ್ಣ, ಒಂದು. ಬಣ್ಣ, ಒಂದು. ಪುಟ ಸರಿದಷ್ಟೂ ಅದೇ. ಎಣಿಸುವ ಸಾಲು ಬರೆದು ಎಣಿಸಿದ: ನಲವತ್ತೊಂದು ಸಾವಿರ ಚಿಲ್ಲರೆ. ಒಂದೇ ಒಂದು ಸೊನ್ನೆ ಇರಲಿಲ್ಲ.

ಮೊದಲು ಹೊಳೆದದ್ದು, ಇರುವೆಯೇ ಬಣ್ಣದ ಹೆಸರು ಹಾಕಿ ಬೇಕೆಂದೇ ಮಾಡಿದ್ದಾಳೆ ಅಂತ. ಆ ಯೋಚನೆಯನ್ನು ಒಂದೆರಡು ನಿಮಿಷ ಹಲ್ಲಿನಲ್ಲಿ ಕಚ್ಚಿ ಹಿಡಿದುಕೊಂಡು ಕೂತ. ಆಮೇಲೆ ಅಭ್ಯಾಸದ ಚಿಕ್ಕ ಚಿತ್ರವೊಂದನ್ನು, ಇಪ್ಪತ್ತು ಸಲ ಬಣ್ಣ ಬದಲಾಗುವ ಹೂವನ್ನು, ಓಡಿಸಿ ನೋಡಿದ. ಹೂವು ಮುಗಿಯುವ ತನಕ ಒಳಕೋಣೆ ತುಂಬುತ್ತಲೇ ಹೋಯಿತು. ಚಿತ್ರ ಮುಗಿದ ಮರುಕ್ಷಣ ಯಾರೋ ಪೊರಕೆ ಹಿಡಿದು ಗುಡಿಸಿದ ಹಾಗೆ ಎಲ್ಲ ಒಟ್ಟಿಗೆ ಖಾಲಿಯಾಯಿತು. ಇರುವೆ ಬರುವುದಕ್ಕೂ ಮುಂಚಿನ, ಎಂಟು ವರ್ಷ ಹಳೆಯ ಲೈಬ್ರರಿಯ ಸಿದ್ಧ ಪ್ರತಿಯನ್ನು ಹುಡುಕಿ ತೆಗೆದು ಅದರಲ್ಲೂ ಓಡಿಸಿದ. ಅಲ್ಲೂ ಒಳಕೋಣೆ. ಅಲ್ಲೂ ಪೊರಕೆ.

ಅಲ್ಲೇ ಬಿಡು, ನಾನು ನೋಡ್ಕೋತೀನಿ.

ಹಾಗಾದರೆ ಅದು ನಿಯಮವಲ್ಲ. ಅವನೊಬ್ಬನಿಗಾಗಿ ಮೇಷ್ಟ್ರು ಗೋಡೆ ಕಟ್ಟಿ, ಪ್ರತಿ ಚಿತ್ರದ ಕೊನೆಗೂ ಸದ್ದಿಲ್ಲದೆ ಅವನ ಎಂಜಲು ಗುಡಿಸಿದ್ದರು. ಇಲ್ಲಿಯವರೆಗಿನ ಚಿತ್ರಗಳು ಚಿಕ್ಕವು, ಕೋಣೆ ಸಾಲುತ್ತಿತ್ತು. ಕೊಕ್ಕರೆ ಮುಗಿಯುವ ಮೊದಲೇ ಕೋಣೆ ತುಂಬಿತು. ಇರುವೆಗೆ ಬಾಗಿಲು ತೋರಿಸಿದ್ದು ಏಕೆಂದೂ ಈಗ ತಿಳಿಯಿತು: ಮೇಷ್ಟ್ರು ಹೋದ ಮೇಲೆ ಪೊರಕೆ ಹಿಡಿಯಲು ಒಬ್ಬರು ಬೇಕಲ್ಲ. ಅವನು ಬಂದಾಗ ಅವಳು ಬದಲಿಸುತ್ತಿದ್ದ ಪರದೆಯಲ್ಲಿ ಇದ್ದದ್ದು ಇದೇ. ತನ್ನ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಅವನು ಪಕ್ಕದವಳ ತಟ್ಟೆಯ ನೊಣ ತೋರಿಸಲು ಯಜಮಾನರ ಕೋಣೆಗೆ ಹೋಗಿದ್ದ.

ಊಟದ ಡಬ್ಬಿ ತೆರೆಯದೆ ಚೀಲಕ್ಕೆ ಸೇರಿತು.

ನಾಲ್ಕು ಗಂಟೆಗೆ ಎಲ್ಲರೂ ಯಂತ್ರದ ಸುತ್ತ ನಿಂತರು. ಯಜಮಾನರು ಹೊದಿಕೆಗಳ ರಾಶಿಯನ್ನು ಎರಡು ಬೆರಳಲ್ಲಿ ಎತ್ತಿದರು.

"ಎಂಟು ಕೊಕ್ಕರೆ ಆಯ್ತು. ಒಂದಕ್ಕೂ ತಲೆ ಇಲ್ಲ. ಹೇಳಿ, ಯಾರದು?"

ಬಣ್ಣದಣ್ಣ ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಮಾತಾಡಿದರು. ತಾವಾಗಿ ಮಾತಾಡುವ ಪೈಕಿ ಅವರಲ್ಲ. ಎಲ್ಲರೂ ತಿರುಗಿ ನೋಡಿದರು.

"ತಪ್ಪು ನಂದೇ. ಉಗ್ರಾಣ ಚಿಕ್ಕದಾಯ್ತು. ಹೋಗೋಕೆ ಮುಂಚೆ ಸರಿ ಮಾಡ್ತೀನಿ."

ಅಷ್ಟೇ. ಮುಗಿದಿತ್ತು. ಯಾರಿಗೂ ಏನೂ ಗೊತ್ತಾಗಬೇಕಾಗಿರಲಿಲ್ಲ. ಹತ್ತು ದಿನದಲ್ಲಿ ಕೆಲಸ ಬಿಡುವವರ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ಯಜಮಾನರು ಕನ್ನಡಕ ಇಳಿಸಿಕೊಂಡು, ಹಾಗಾದ್ರೆ ಬೆಳಿಗ್ಗೆ ಇವರು ಹೇಳಿದ್ದು ಎಂದು ಇರುವೆಯ ಕಡೆ ನೋಡಿದರು. ಅವಳು ತನ್ನ ಮೇಲೆ ದೂರು ಹೋಗಿದೆಯೆಂದು ಆಗಲೇ ಅರಿತದ್ದು. ಅವಳು ಬಣ್ಣದಣ್ಣನನ್ನು ನೋಡಲಿಲ್ಲ, ಮೇಷ್ಟ್ರನ್ನು ನೋಡಿದಳು. ಮೇಷ್ಟ್ರು ಕಣ್ಣಿನಲ್ಲೇ ಬೇಡ ಎಂದರು. ಅವಳು ತಲೆ ತಗ್ಗಿಸಿದಳು.

ಅವಳು ಬಾಯಿ ಬಿಟ್ಟು ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಆ ನೋಟವೇ ಅವನನ್ನು ಇರಿದದ್ದು. ತನ್ನನ್ನು ಕುರಿತ ಮೌನವೊಂದು ಅವರಿಬ್ಬರ ನಡುವೆ ಓಡಾಡುತ್ತಿತ್ತು, ಆ ಮೌನದಲ್ಲಿ ಅವನಿಗೇ ಪಾಲಿರಲಿಲ್ಲ. ಹನ್ನೊಂದು ವರ್ಷ ಅದು ಮೇಷ್ಟ್ರ ಮತ್ತು ಅವನ ನಡುವಿನದಾಗಿತ್ತು, ಅವನಿಗೆ ಗೊತ್ತಿಲ್ಲದಿದ್ದರೂ. ಇನ್ನು ಮೇಷ್ಟ್ರು ಹೋದ ಮೇಲೆ ಅದು ಪೂರ್ತಿಯಾಗಿ ಇವಳದು. ದಿನಾ ಬೆಳಿಗ್ಗೆ ಇವಳು ಚಹಾ ತಿರುಗಿಸುತ್ತ ಅದನ್ನು ಇಟ್ಟುಕೊಂಡಿರುತ್ತಾಳೆ. ಅದನ್ನು ಅವಳಿಗೆ ಬಿಟ್ಟುಕೊಡಲು ಅವನಿಂದ ಆಗಲಿಲ್ಲ. ಒಳ್ಳೆಯತನದಿಂದ ಮಾತಾಡಿದನೆಂದು ಆಮೇಲೆ ಕೆಲವರು ಹೊಗಳಿದರು. ಏಕೆ ಮಾತಾಡಿದ್ದೆಂದು ಅವನಿಗೆ ಗೊತ್ತು.

"ಉಗ್ರಾಣ ಚಿಕ್ಕದಲ್ಲ ಸರ್. ತಗೊಂಡದ್ದನ್ನ ನಾನು ವಾಪಸ್ ಕೊಟ್ಟಿಲ್ಲ. ಸೇರಿದಾಗಿನಿಂದಲೂ ಕೊಟ್ಟಿಲ್ಲ. ಮೇಷ್ಟ್ರು ನನ್ನ ಹಿಂದೆ ಗುಡಿಸ್ತಾ ಇದ್ರು. ಅವಳದ್ದು ಏನೂ ಇಲ್ಲ."

ಯಾರೂ ನಗಲಿಲ್ಲ. ತಟ್ಟೆ ತೊಳೆಯುವವರು ಎಂದು ಅವನು ಆಡಿಕೊಂಡಿದ್ದ ಜನವೆಲ್ಲ ಅಲ್ಲೇ ಇದ್ದರು. ಒಬ್ಬರಾದರೂ ನಕ್ಕಿದ್ದರೆ ಚೆನ್ನಾಗಿತ್ತು. ಯಜಮಾನರು ಇರುವೆಯ ಕಡೆ ಬೆರಳು ಮಾಡಿ, ಮೇಷ್ಟ್ರನ್ನು ಕೇಳುವಂತೆ ನೋಡಿದರು. ಮೇಷ್ಟ್ರು ತಲೆಯಾಡಿಸಿದರು. ಹಾಗೆ, ಯಂತ್ರದ ಮುಂದೆಯೇ, ಲೈಬ್ರರಿಯ ಉಸ್ತುವಾರಿ ಇರುವೆಗೆ ಹೋಯಿತು.

ಮರುದಿನ ಬೆಳಿಗ್ಗೆ ಬಣ್ಣದಣ್ಣ ತಾನೇ ಹೋಗಿ ಆ ಸ್ಟೂಲಿನ ಮೇಲೆ ಕೂತ. ಅವಳು ಮೇಷ್ಟ್ರ ಕುರ್ಚಿಯಲ್ಲಿದ್ದಳು. ಮೇಷ್ಟ್ರು ಬೇಕೆಂದೇ ತಡವಾಗಿ ಬರುತ್ತೇನೆಂದು ಹೇಳಿದ್ದರಂತೆ. ನಿನ್ನ ಮೇಲೆ ದೂರು ಹೇಳಿದ್ದು ತಪ್ಪಾಯ್ತು ಎನ್ನಬೇಕೆಂದು ದಾರಿಯುದ್ದಕ್ಕೂ ಸಜ್ಜು ಮಾಡಿಕೊಂಡು ಬಂದಿದ್ದ. ಬಾಯಿಗೆ ಬಂದದ್ದು, ಹಿಂತಿರುಗಿಸುವ ಕರೆಗೆ ಏನೇನು ಬರೆಯಬೇಕು ಎಂಬ ಪ್ರಶ್ನೆ. ಅವಳು ಮುಖ ಬಿಗಿದುಕೊಂಡೇ ಹೇಳಿಕೊಟ್ಟಳು. ಅವನ ಪ್ರೋಗ್ರಾಮಿನಲ್ಲಿ ನಲವತ್ತೇಳು ಕಡೆ ಕೇಳಿ ಪಡೆದದ್ದಿತ್ತು. ನಲವತ್ತೇಳು ಕಡೆಯೂ ಕೊಡುವ ಸಾಲು ಬರೆಯಲು ಮೂರು ದಿನ ಹಿಡಿಯಿತು. ಅವಳ ಬೆರಳುಗಳ ಚುರುಕು ನೋಡಿ ಮೂರು ದಿನವೂ ಅವನ ಹೊಟ್ಟೆ ಉರಿಯಿತು. ಎರಡನೆಯ ದಿನ ಮಧ್ಯಾಹ್ನ ಅವಳು ಕೇಳದೆಯೇ ಅವನ ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿಟ್ಟಳು. ಕುಡಿಯಲು ಆಗುವಂಥದ್ದಲ್ಲ. ಕುಡಿದ.

ಮೂರನೆಯ ದಿನ ಸಂಜೆ ಒಳಕೋಣೆ ಕೊಕ್ಕರೆಯುದ್ದಕ್ಕೂ ಖಾಲಿಯಾಗಿಯೇ ಉಳಿಯಿತು.

"ಇದನ್ನ ಇನ್ನು ತೆಗೆದುಬಿಡ್ಲಾ ಅಣ್ಣ? ಸುಮ್ಮನೆ ಜಾಗ ದಂಡ," ಎಂದಳು ಇರುವೆ. ಅವಳು ಮೇಷ್ಟ್ರು ಬರೆದ ಮೂಲ ಕಡತವನ್ನು ತೆರೆದಿದ್ದಳು. ಅವನು ಅದನ್ನು ಮೊದಲ ಸಲ ನೋಡುತ್ತಿದ್ದ.

"ಇಂಥದ್ದು ಇನ್ಯಾರಿಗಾದ್ರೂ ಕಟ್ಟಿಕೊಟ್ಟಿದ್ದಾರಾ?"

"ಇಲ್ಲ. ನಿಮಗೊಬ್ಬರಿಗೇ."

"ನಿನಗೆ?"

"ನನಗ್ಯಾಕೆ ಅಣ್ಣ?"

ಅವನ ಎದೆಯಲ್ಲಿ ನಾಚಿಕೆಗೆಟ್ಟ ಒಂದು ತಂಪು ಇಳಿಯಿತು. ಬಾಗಿಲು ಅವಳಿಗೆ, ಕುರ್ಚಿ ಅವಳಿಗೆ. ಆದರೆ ಇಡೀ ಉಗ್ರಾಣದಲ್ಲಿ ಮೇಷ್ಟ್ರು ಒಬ್ಬರ ಸಲುವಾಗಿ ಗೋಡೆ ಎಬ್ಬಿಸಿದ್ದು ಇದೊಂದೇ. ಆ ತಂಪನ್ನು ಅವನು ಸ್ವಲ್ಪ ಹೊತ್ತು ಅನುಭವಿಸಿದ. ಆಮೇಲೆ, ಸ್ವಲ್ಪ ಸರ್ಕೋ, ನಾನೇ ತೆಗೀತೀನಿ ಎಂದು ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡ.

ಒಳಕೋಣೆಯ ಸಾಲುಗಳ ನೆತ್ತಿಯಲ್ಲಿ ಮೇಷ್ಟ್ರು ಓದುವವರಿಗೆಂದು ಬಿಟ್ಟ ಟಿಪ್ಪಣಿ ಇತ್ತು. ಸೂಜಿ ಮುರಿದ ದಿನದ ಮರುದಿನದ ತಾರೀಕು. ಅದರ ಮುಂದೆ ಎರಡೇ ಮಾತು: ತಾತ್ಕಾಲಿಕ. ಅವನಿಗೆ ಹೇಳಬೇಕು.

ಇರುವೆ ಕಿಟಕಿಯ ಆಚೆ ನೋಡುತ್ತ ಕೂತಳು. ಪರೀಕ್ಷೆಯ ಕೋಣೆಯಲ್ಲಿ ಒಂಬತ್ತನೆಯ ಕೊಕ್ಕರೆಗೆ ಕತ್ತು ದಾಟಿ ಕೊಕ್ಕು ಮೂಡುತ್ತಿತ್ತು. ಹನ್ನೆರಡು ಸೂಜಿಗಳ ಸದ್ದು ಗೋಡೆಯ ಈ ಕಡೆಗೂ ಸಣ್ಣಗೆ ಕೇಳುತ್ತಿತ್ತು. ಬಣ್ಣದಣ್ಣ ಒಳಕೋಣೆಯನ್ನು ಅಳಿಸಿದ, ಪೊರಕೆಯನ್ನು ಅಳಿಸಿದ. ಟಿಪ್ಪಣಿಯ ಸಾಲಿಗೆ ಬಂದಾಗ ಕೈ ನಿಂತಿತು. ಟಿಪ್ಪಣಿಗಳಿಗೆ ಯಂತ್ರದಲ್ಲಿ ಜಾಗ ಬೇಕಾಗುವುದಿಲ್ಲ.

ಅದನ್ನು ಹಾಗೆಯೇ ಬಿಟ್ಟ.